ಎರಡು ಮನೆಗೆ ಒಂದು ಜಗಲಿ

ಆಶಾರಾಣಿ ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಸಣ್ಣಯ್ಯ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದರು. ಒಂದೇ ಅಳತೆಯ, ಒಂದೇ ಸುಣ್ಣದ ಮನೆಗಳ ಸಾಲು ಅದು. ಬಲಗಡೆ ತಮಿಳು ಮಾತಾಡುವ ಫಿಟ್ಟರ್, ಎಡಗಡೆ ಸಿಗ್ನಲ್ ನೋಡಿಕೊಳ್ಳುವ ಸಾಬರ ಸಂಸಾರ, ಎದುರಿಗೆ ತಿಪಟೂರು ಕಡೆಯ ಲಿಂಗಾಯಿತರು. ಯಾರ ಪಕ್ಕ ಯಾರಿರಬೇಕು ಅಂತ ಯಾರೂ ಆರಿಸಿಕೊಂಡವರಲ್ಲ. ರೈಲ್ವೆಯವರು ಕೀಲಿಕೈ ಕೊಟ್ಟ ಮನೆಗೆ ಬಂದು ಸೇರಿಕೊಂಡವರು. ಸಂಜೆಯಾದರೆ ಮನೆಗಳ ಮುಂದಿನ ಕಲ್ಲುಚಪ್ಪಡಿಯ ಮೇಲೆ ಹೆಂಗಸರೆಲ್ಲ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವ್ವ ಮುತ್ತಮ್ಮ ಬಿಡಿಸಿದ ಸೊಪ್ಪು ಫಿಟ್ಟರನ ಹೆಂಡತಿಯ ಮೊರಕ್ಕೂ, ಆಕೆ ಬಿಡಿಸಿದ್ದು ಇವರ ಮೊರಕ್ಕೂ ಬೀಳುತ್ತಿತ್ತು.

ಅಪ್ಪ ನಿವೃತ್ತರಾದ ವರ್ಷ ಆ ಮನೆ ಬಿಡಬೇಕಾಯಿತು. ಆಗ ಅವಳು ಪಿಯುಸಿ ಓದುತ್ತಿದ್ದಳು. ಸಾಮಾನು ತುಂಬಿದ ಲಾರಿ ಕಣಕಟ್ಟೆ ಹತ್ತಿರದ ಅಪ್ಪನ ಊರಿಗೆ ಬಂದು, ಊರ ಮುಂದಿನ ಅರಳೀಕಟ್ಟೆಯ ಬಳಿ ನಿಂತಿತು. "ಇಲ್ಲೇನಾ ಯಜಮಾನ್ರೇ?" ಎಂದ ಡ್ರೈವರು. ಅಪ್ಪ ಅತ್ತ ನೋಡದೆ, "ಇನ್ನೂ ಮುಂದಕ್ಕೆ ಹೋಗ್ಲಿ" ಎಂದರು. ಊರು ಮುಗಿಯಿತು, ತೆಂಗಿನ ತೋಟ ಮುಗಿಯಿತು, ರಾಗಿ ಹೊಲವೊಂದು ಮುಗಿಯಿತು. ಆಮೇಲೆ ಅವರ ಕೇರಿ ಬಂತು. ಹಬ್ಬಕ್ಕೆ ಬಂದುಹೋಗುವಾಗ ಆ ದೂರ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಆ ದಿನ ಲಾರಿಯ ಮೇಲೆ ಕೂತು ಬಂದವಳಿಗೆ ಅದು ಚೆನ್ನಾಗಿ ಕಂಡಿತು.

ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಲು ಸೀಟು ಸಿಕ್ಕಿದಾಗ ಅದೆಂಥ ಓದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಮನೆ ಕಟ್ಟೋದು ಕಲಿಸ್ತಾರಂತೆ" ಎಂದು ಮುತ್ತಮ್ಮ ಕೇರಿಯವರಿಗೆ ಹೇಳಿದಳು. ಮೊದಲ ವರ್ಷ ಮೇಷ್ಟರು, ನಿಮ್ಮ ನಿಮ್ಮ ಮನೆಯ ಚಿತ್ರ ಬರೆದು ತನ್ನಿ ಎಂದರು. ಉಳಿದವರು ತೊಟ್ಟಿ, ಪಡಸಾಲೆ, ಹಿತ್ತಿಲು ಬರೆದು ತಂದರು. ಆಶಾರಾಣಿ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಕಲ್ಲುಚಪ್ಪಡಿ ಬರೆದಳು. ಮೇಷ್ಟರು ಹಾಳೆ ತಿರುಗಿಸಿ ನೋಡಿ, "ಮಿಕ್ಕಿದ್ದು ಎಲ್ಲಮ್ಮ?" ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ಮಿಕ್ಕಿದ್ದೇನೂ ಇಲ್ಲ ಸಾರ್ ಎಂದು ಅವಳೂ ನಕ್ಕಳು. ಅಂದು ಹಾಸ್ಟೆಲಿಗೆ ಬಂದವಳು ಊಟಕ್ಕೆ ಏಳಲಿಲ್ಲ.

ಓದು ಮುಗಿದು ಸರ್ಕಾರದ ವಸತಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬಡವರಿಗೆ ಕಟ್ಟುವ ಮನೆಗೆ ನಕ್ಷೆ ಬರೆಯುವ ಕೆಲಸ. ನಕ್ಷೆ ಬರೆಯುವುದೇನು ಬಂತು, ಮೇಲಿನಿಂದ ಒಂದು ಮಾದರಿ ಬರುತ್ತಿತ್ತು, ಬಿಸಿಲಿನ ರಾಯಚೂರಿಗೂ ಅದೇ, ಮಲೆನಾಡಿನ ಅಂಚಿಗೂ ಅದೇ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಕಾಫಿ ತೋಟದ ಕೂಲಿಯವರಿಗೆ ಕಟ್ಟಿದ ಮನೆಗಳನ್ನು ನೋಡಲು ಒಮ್ಮೆ ಹೋಗಿದ್ದಳು. ಗೋಡೆಯಲ್ಲಿ ಬಿಟ್ಟ ಗಾಳಿಕಂಡಿಗಳಿಂದ ಮಳೆ ಒಳಗೆ ಹೊಡೆದು, ಹೆಂಗಸರು ಅವಕ್ಕೆಲ್ಲ ಗೋಣಿಚೀಲ ತುರುಕಿದ್ದರು. ವಾಪಸು ಬಂದವಳು ಇಳಿಜಾರು ಛಾವಣಿಯ, ಹೆಂಚಿನ ಮನೆಯೊಂದನ್ನು ಬರೆದು, ಮೇಲಿನವರ ಹಿಂದೆ ಬಿದ್ದಳು. ಎರಡು ವರ್ಷ ಓಡಾಡಿದ ಮೇಲೆ, ಅರೇಹಳ್ಳಿಗೆ ಮಾತ್ರ, ಅದೂ ಕೆಲವೇ ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ತನ್ನ ಕೈಯಿಂದ ನಡೆದ ಮೊದಲ ಕೆಲಸ ಅದು ಎಂದು ಅವಳು ಯಾವಾಗಲೂ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುವುದು ಹೆಚ್ಚಾಗಿ ಅವ್ವನ ಹತ್ತಿರವೇ.

ಆಮೇಲೆ ರಜೆ ಹಾಕಿ ನಗರ ಯೋಜನೆ ಓದಿದಳು. ಊರುಗಳ ನಕ್ಷೆಗೆ ಬಣ್ಣ ತುಂಬುವ ವಿದ್ಯೆ ಅದು: ವಾಸದ ಮನೆಗಳಿಗೆ ಹಳದಿ, ಅಂಗಡಿ ಬೀದಿಗೆ ನೀಲಿ, ಪಾರ್ಕಿಗೆ ಹಸಿರು. ಒಮ್ಮೆ ಅರಸೀಕೆರೆಯ ನಕ್ಷೆಯೇ ಅವಳ ಮೇಜಿಗೆ ಬಂತು. ಸ್ಟೇಷನ್ನಿನ ಸುತ್ತಲ ಜಾಗವೆಲ್ಲ ಸಾರಿಗೆ ಲೆಕ್ಕ, ಅದಕ್ಕೆ ಬೂದು ಬಣ್ಣ. ಕ್ವಾರ್ಟರ್ಸೂ ಅದರೊಳಗೇ ಸೇರಿತು. ಅಲ್ಲಿ ಮನೆಗಳಿವೆ ಎಂದು ನಕ್ಷೆ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಮದುವೆಯ ಮಾತು ಬರದೆ ಇರಲಿಲ್ಲ. ತುಮಕೂರಿನ ಬ್ಯಾಂಕಿನವರೊಬ್ಬರು ಬಂದು ನೋಡಿ ಒಪ್ಪಿಕೊಂಡರು. ಊರೂರು ಸುತ್ತುವ ಕೆಲಸ ಬಿಟ್ಟು ಒಂದು ಕಡೆ ಇರಬಹುದಲ್ಲ ಎಂದಷ್ಟೇ ಅವರು ಕೇಳಿದ್ದು. ಯೋಚನೆ ಮಾಡಿ ಹೇಳ್ತೀನಿ ಎಂದಳು. ಆ ಯೋಚನೆ ಮುಗಿಯುವ ಹೊತ್ತಿಗೆ ಅವರಿಗೆ ಬೇರೆ ಕಡೆ ಮದುವೆಯಾಗಿತ್ತು. ಅಪ್ಪ ಕೊನೆಗಾಲದಲ್ಲಿ ಗೆಳೆಯರ ಜೊತೆ ಹೋಗಿ ಬೌದ್ಧ ದೀಕ್ಷೆ ತಗೊಂಡು, ಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿ, ಒಂದು ಬೆಳಿಗ್ಗೆ ಸದ್ದಿಲ್ಲದೆ ತೀರಿಕೊಂಡರು. ಅವ್ವ ಮಗಳ ಜೊತೆ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ, ಚಿತ್ರದುರ್ಗ, ಶಿವಮೊಗ್ಗ, ಹಾಸನ ಎಂದು ತಿರುಗಿ, ಹಾಸನದಲ್ಲಿ ಕಣ್ಣು ಮುಚ್ಚಿದಳು. ಆಮೇಲೆ ಆಶಾರಾಣಿ ಒಬ್ಬಳೇ. ಕೆಲಸ ಮುಗಿಸಿ ಬಂದು ಬೀಗ ತೆಗೆಯುವಾಗ ಒಳಗಿನಿಂದ "ಬಂದ್ಯೇನವ್ವ?" ಎಂಬ ದನಿ ಕೇಳದಿರುವುದಕ್ಕೆ ಒಗ್ಗಿಕೊಳ್ಳಲು ಬಹಳ ಕಾಲ ಹಿಡಿಯಿತು.

ಐವತ್ತು ದಾಟಿದ ಮೇಲೆ ಬೇಲೂರಿಗೆ ವರ್ಗವಾಯಿತು. ಹಳೇಬೀಡು ರಸ್ತೆಯ ಪಕ್ಕದ ಸರ್ಕಾರಿ ಜಾಗದಲ್ಲಿ, ಮನೆಯಿಲ್ಲದವರಿಗೆಂದು ನೂರಕ್ಕೂ ಮೇಲೆ ಮನೆಗಳ ಬಡಾವಣೆ ಏಳಬೇಕಿತ್ತು. ನಕ್ಷೆಯಿಂದ ಹಿಡಿದು ಹಂಚಿಕೆಯವರೆಗೆ ಅವಳೇ ನೋಡಿಕೊಳ್ಳಬೇಕೆಂದು ಆದೇಶ. ಬೇಲೂರಿನಲ್ಲಿ ಖಾಲಿ ಕ್ವಾರ್ಟರ್ಸ್ ಇರಲಿಲ್ಲ. ಬಾಡಿಗೆ ಮನೆ ಹುಡುಕಿ ಹೊರಟಳು.

ಜಯದೇವಪ್ಪ ಎಂಬ ನಿವೃತ್ತ ಹೆಡ್ಮಾಸ್ಟರರ ಮನೆಯ ಮಹಡಿ ಖಾಲಿಯಿತ್ತು. ಅವರು ಕುರ್ಚಿ ಹಾಕಿ ಕೂರಿಸಿದರು, ಕಾಫಿ ಕೊಡಿಸಿದರು. ಹೆಣ್ಣುಮಗಳು ಇಷ್ಟು ಓದಿ ಇಷ್ಟು ದೊಡ್ಡ ಕೆಲಸದಲ್ಲಿರುವುದು ನಮ್ಮೂರಿಗೇ ಹೆಮ್ಮೆ ಎಂದರು. ಅಡ್ವಾನ್ಸಿನ ಮಾತೂ ಆಯಿತು. ಎದ್ದು ನಿಲ್ಲುವ ಹೊತ್ತಿಗೆ, "ಅಂದ ಹಾಗೆ, ತಾವು ಯಾವ ಪೈಕಿ?" ಎಂದರು.

"ನಾವು ಬೌದ್ಧರು."

"ಅದು ಸರಿ. ಅದಕ್ಕೆ ಮುಂಚೆ?"

ಆಶಾರಾಣಿ ಹೇಳಿದಳು. ಜಯದೇವಪ್ಪ ತಲೆಯಾಡಿಸಿದರು, ಮುಖದ ನಗು ಹಾಗೇ ಇತ್ತು. ಮಾರನೆಯ ದಿನ ಫೋನು ಬಂತು: "ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಭಾವಮೈದುನ ಚಿಕ್ಕಮಗಳೂರಿಂದ ಇಲ್ಲಿಗೇ ಬಂದುಬಿಡ್ತೀನಿ ಅಂತಿದಾನೆ. ಮಹಡಿ ಅವನಿಗೇ ಬೇಕಂತೆ." ಆಮೇಲೆ ನೋಡಿದ ಮನೆಗಳಲ್ಲೂ ಒಬ್ಬರಿಗೆ ತಂಗಿ ಬರುವವಳಿದ್ದಳು, ಇನ್ನೊಬ್ಬರಿಗೆ ಬಣ್ಣ ಹೊಡೆಸುವುದಿತ್ತು. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲಿ ತಿಂಗಳ ಬಾಡಿಗೆಗೆ ಒಂದು ರೂಮು ಹಿಡಿದಳು. ದೇವಸ್ಥಾನ ನೋಡಲು ಬಂದವರು ಬೆಳಗಿನ ಜಾವಕ್ಕೇ ಎದ್ದು ಬಾಗಿಲು ದಡಬಡಿಸಿ ಹೊರಡುತ್ತಿದ್ದರು. ವಾರಕ್ಕೊಮ್ಮೆ ಬೆಡ್‌ಶೀಟ್ ಬದಲಿಸಲು ಬರುತ್ತಿದ್ದ ಮುನಿಯಮ್ಮನ ಹೊರತು ಅಲ್ಲಿ ಅವಳನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಮುನಿಯಮ್ಮ ಗಟ್ಟಿ ಬಾಯಿಯ ಹೆಂಗಸು. ಕೆಲಸ ಮುಗಿಸಿ, "ನಂಗೂ ಒಂದು ಮನೆ ಆಯ್ತದಾ ಮೇಡಂನೋರೇ?" ಎಂದು ಕೇಳಿಯೇ ಹೋಗುತ್ತಿದ್ದಳು. "ಚೀಟಿ ಎತ್ತಿದಾಗ ನೋಡಬೇಕು" ಎನ್ನುತ್ತಿದ್ದಳು ಆಶಾರಾಣಿ.

ಆ ರೂಮಿನಲ್ಲಿ ಕೂತೇ ಅವಳು ಬಡಾವಣೆಯ ನಕ್ಷೆ ಬರೆದಳು. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ಅದರಿಂದ ಉಳಿದ ಖರ್ಚಿನಲ್ಲಿ ಎರಡಕ್ಕೂ ಸೇರಿ ಮುಂದೆ ಒಂದು ಉದ್ದನೆಯ ಜಗಲಿ. ಮೇಲಧಿಕಾರಿ ಶಿವಕುಮಾರ್ ನಕ್ಷೆ ನೋಡಿ, "ಜಗಲಿ ಯಾಕೆ ಮೇಡಂ? ಮಾದರಿಯಲ್ಲಿ ಇಲ್ಲವಲ್ಲ?" ಎಂದರು.

"ಖರ್ಚು ಹೆಚ್ಚಾಗಲ್ಲ ಸಾರ್."

"ಖರ್ಚಿಂದಲ್ಲ. ಇಬ್ಬರಿಗೆ ಒಂದೇ ಜಗಲಿ ಅಂದ್ರೆ ದಿನಾ ಜಗಳ."

"ಜಗಳ ಆದ್ರೆ ಆಗ್ಲಿ ಸಾರ್. ಮಾತಾದರೂ ಆಡ್ತಾರಲ್ಲ."

ಶಿವಕುಮಾರ್ ನಕ್ಕು ಸಹಿ ಹಾಕಿದರು. ಹಂಚಿಕೆಯ ವಿಷಯದಲ್ಲೂ ಅವಳು ಪಟ್ಟು ಹಿಡಿದಳು. ಇಂಥವರಿಗೆ ಈ ಸಾಲು, ಅಂಥವರಿಗೆ ಆ ಸಾಲು ಎಂದು ಮೊದಲೇ ಒಳಗೊಳಗೆ ಮಾತಾಗುವ ಪದ್ಧತಿ ಬೇಡ, ಎಲ್ಲ ಮನೆಗೂ ಒಟ್ಟಿಗೇ ಚೀಟಿ ಎತ್ತಬೇಕು ಎಂದಳು. ಸಮುದಾಯ ಭವನದಲ್ಲಿ ಎಲ್ಲರ ಎದುರಿಗೆ ಚೀಟಿ ಎತ್ತಲಾಯಿತು. ಹೂ ಕಟ್ಟುವವರು, ಹೋಟೆಲಿನಲ್ಲಿ ಪಾತ್ರೆ ತಿಕ್ಕುವವರು, ಆಟೋದವರು, ಮೂಟೆ ಹೊರುವವರು, ಎಲ್ಲರ ಹೆಸರೂ ಕಲಸಿಹೋದವು. ಮುನಿಯಮ್ಮನಿಗೂ ಮನೆ ಬಂತು. ಆ ದಿನ ಆಶಾರಾಣಿ ಹೋಟೆಲಿಗೆ ಹೋಗಿ, ಒಬ್ಬಳೇ ಕೂತು, ಒಂದು ಪ್ಲೇಟ್ ಜಾಮೂನು ತಿಂದಳು. ಸಂತೋಷ ಹಂಚಿಕೊಳ್ಳಲು ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದಳು. ಕಚೇರಿಯವರು, ಕಂಟ್ರಾಕ್ಟರುಗಳು, ಗ್ಯಾಸಿನವನು. ಫೋನು ಬ್ಯಾಗಿಗೆ ಹಾಕಿಕೊಂಡಳು.

ಜನ ಮನೆಗೆ ಬಂದು ಆರು ತಿಂಗಳಾದರೂ ಅವಳಿಗೆ ಬೇರೆ ಕೆಲಸ ಹತ್ತಿ ಬಡಾವಣೆಯ ಕಡೆ ಹೋಗಲಾಗಿರಲಿಲ್ಲ. ಒಂದು ದಿನ ಸಹಾಯಕ ಎಂಜಿನಿಯರ್ ಬಸವಕುಮಾರ್ ಜೀಪಿನಲ್ಲಿ ಕರೆದುಕೊಂಡು ಹೋಗುತ್ತ, ದಾರಿಯಲ್ಲೇ ಗಂಟಲು ಸರಿಮಾಡಿಕೊಂಡ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಅವರವರೇ ಮನೆ ಅದಲು ಬದಲು ಮಾಡ್ಕೊಂಡವ್ರೆ."

"ಎಷ್ಟು ಜನ?"

"ಹೆಚ್ಚು ಕಮ್ಮಿ ಎಲ್ಲಾರೂ."

ಇಳಿದು ನೋಡಿದಳು. ಮೊದಲ ಸಾಲಿನಲ್ಲಿ ಒಂದೇ ಜಾತಿಯವರು, ಎರಡನೆಯದರಲ್ಲಿ ಇನ್ನೊಂದು. ಕಟ್ಟಕಡೆಯ ಸಾಲಿನಲ್ಲಿ ಯಾರಿದ್ದಾರೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಅಷ್ಟು ಸಾಲದೆಂಬಂತೆ ಜಗಲಿಗಳ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆಗಳು ಎದ್ದಿದ್ದವು. ಅಣ್ಣ ತಮ್ಮ ಅಕ್ಕಪಕ್ಕ ಬಂದ ಕಡೆಯೂ ಗೋಡೆ ಬಂದಿತ್ತು. ಯಾರೂ ಅವಳ ಮೇಲೆ ಸಿಟ್ಟಾಗಿರಲಿಲ್ಲ. "ಬನ್ನಿ ಮೇಡಂ, ಮನೆ ಚೆನ್ನಾಗೈತೆ" ಎಂದು ಪ್ರೀತಿಯಿಂದಲೇ ಕರೆದರು. ಆಶಾರಾಣಿ ಸಾಲಿನಿಂದ ಸಾಲಿಗೆ ನಡೆದಳು. ಬಿಸಿಲು ಚುರುಗುಟ್ಟುತ್ತಿತ್ತು. ಬಸವಕುಮಾರ್ ಕೊಡೆ ಹಿಡಿಯಲು ಬಂದರೆ ಬೇಡವೆಂದಳು.

ಮೂರನೇ ಸಾಲಿನ ತುದಿಯಲ್ಲಿ ಒಂದು ಜಗಲಿ ಮಾತ್ರ ಗೋಡೆಯಿಲ್ಲದೆ ಹಾಗೇ ಉಳಿದಿತ್ತು. ಒಂದು ಬಾಗಿಲಲ್ಲಿ ಮುನಿಯಮ್ಮ, ಇನ್ನೊಂದು ಬಾಗಿಲಲ್ಲಿ ವಿಭೂತಿ ಇಟ್ಟುಕೊಂಡ ಒಬ್ಬ ಮುದುಕಿ. ಮುದುಕಿಯ ಹೆಸರು ಗುರುಸಿದ್ದಮ್ಮ. ಚಕ್ಕುಲಿ, ಕೋಡುಬಳೆ ಕರಿದು ದೇವಸ್ಥಾನದ ಬೀದಿಯ ಅಂಗಡಿಗಳಿಗೆ ಕೊಡುವವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆಶಾರಾಣಿ ಹೋಗಿ ಜಗಲಿಯ ನಡುಮಧ್ಯೆ ಕೂತಳು. ಗುರುಸಿದ್ದಮ್ಮ ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು.

"ನೀವಿಬ್ಬರು ಗೋಡೆ ಹಾಕಿಸಲಿಲ್ಲ. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ?" ಎಂದಳು ಆಶಾರಾಣಿ.

"ಅಯ್ಯೋ, ಇಷ್ಟಪಟ್ಟು ಬಿಟ್ಟಿದೀನಾ ಮೇಡಂನೋರೇ?" ಎಂದಳು ಗುರುಸಿದ್ದಮ್ಮ. "ಅಳಿಯ ಇವತ್ತು ಬತ್ತೀನಿ, ನಾಳೆ ಬತ್ತೀನಿ ಅಂತಾನೆ. ಗಾರೆ ಕೆಲಸ ಅವನೇ ಮಾಡೋನು. ಬಂದ ದಿನವೇ ಹಾಕ್ಸದು."

ಮುನಿಯಮ್ಮ ತನ್ನ ಬಾಗಿಲಿಂದಲೇ ಕೂಗಿದಳು: "ಹಾಕ್ಕಳಾಕೆ ಹೇಳಿ! ಈಯಮ್ಮನ ಗೊಣಗಾಟನಾರ ತಪ್ಪುತ್ತೆ. ಮನೆ ಬದಲು ಮಾಡ್ಕಳಾನ ಅಂದ್ರೆ ಆ ಕೊನೇ ಸಾಲಲ್ಲಿ ನಲ್ಲಿಗೆ ನೀರೇ ಹತ್ತಲ್ಲ. ಅದಕ್ಕೇ ನಾನು ಅಳ್ಳಾಡಲಿಲ್ಲ."

ಆಶಾರಾಣಿ ಮಜ್ಜಿಗೆ ಕುಡಿದಳು. ಗುರುಸಿದ್ದಮ್ಮ ಅವಳನ್ನೇ ನೋಡುತ್ತಿದ್ದವಳು, "ತಾವು ಯಾವ ಪೈಕಿ ಮೇಡಂನೋರೇ?" ಎಂದು ಕೇಳಿದಳು.

ಬೌದ್ಧರು ಎನ್ನಲು ಬಾಯಿ ತೆರೆದವಳು ಅದನ್ನು ಬಿಟ್ಟು, "ಮುನಿಯಮ್ಮನ ಪೈಕಿನೇ" ಎಂದಳು.

ಗುರುಸಿದ್ದಮ್ಮನ ಕಣ್ಣು ಅವಳ ಕೈಯಲ್ಲಿದ್ದ ಲೋಟಕ್ಕೆ ಹೋಯಿತು. ಆಮೇಲೆ ಮೆಲ್ಲಗೆ, "ಲೋಟ ಅಲ್ಲೇ ಇಡಿ" ಎಂದಳು. ಆಶಾರಾಣಿ ಲೋಟವನ್ನು ಜಗಲಿಯ ಮೇಲಿಟ್ಟು ಎದ್ದಳು. ಮುಂದಿನ ಬಾರಿ ಹೋದಾಗ ಮಜ್ಜಿಗೆ ಬಂತು, ಕಾಗದದ ಲೋಟದಲ್ಲಿ. ಮುದುಕಿ ಅದನ್ನು ಎರಡು ಕೈಯಲ್ಲಿ ಹಿಡಿದು, ಅಧಿಕಾರಿಗೆ ಕೊಡಬೇಕಾದ ಮರ್ಯಾದೆಯಿಂದಲೇ ಕೊಟ್ಟಳು. ಅದನ್ನು ಕುಡಿಯಬೇಕೋ ಬಿಡಬೇಕೋ ಆಶಾರಾಣಿಗೆ ತಿಳಿಯಲಿಲ್ಲ. ಬಾಯಾರಿತ್ತು, ಕುಡಿದಳು. ರಾತ್ರಿ ಲಾಡ್ಜಿನಲ್ಲಿ ಅದನ್ನೇ ನೆನೆಯುತ್ತ ಮಲಗಿದವಳಿಗೆ, ಇದನ್ನು ಹೇಳಿದರೆ ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ಎಂದು ಅನಿಸಿತು.

ಒಂದು ಸೋಮವಾರ ಗುರುಸಿದ್ದಮ್ಮ ಕಚೇರಿಗೇ ಬಂದಳು. ಒಳಗೆ ಬರಲು ಅಂಜಿ ಬಾಗಿಲಲ್ಲಿ ನಿಂತಿದ್ದಳು.

"ಅಳಿಯ ಬಂದವ್ನೆ. ಗೋಡೆ ಹಾಕ್ಬೇಕು. ಆಯಮ್ಮ ಗೆರೆ ನಾಕು ಬೆರಳು ಅತ್ಲಾಗೆ ಹೋಯ್ತು, ಇತ್ಲಾಗೆ ಬಂತು ಅಂತ ರಂಪ ತೆಗೆದವ್ಳೆ. ನೀವೇ ಕಟ್ಟಿಸಿದ್ದು, ನೀವೇ ಬಂದು ಗೆರೆ ಹಾಕ್ಕೊಡಿ."

ಆಶಾರಾಣಿ ಆಗಲ್ಲ ಎನ್ನಬಹುದಿತ್ತು. ಬಸವಕುಮಾರನನ್ನು ಕಳಿಸಬಹುದಿತ್ತು. ತಾನೇ ಟೇಪು ಹಿಡಿದುಕೊಂಡು ಹೋದಳು. ಅಳೆದಳು, ಮೊಣಕಾಲೂರಿ ಕೂತು ಜಗಲಿಯ ಮೇಲೆ ಸುಣ್ಣದ ಗೆರೆ ಎಳೆದಳು. ಗೆರೆ ನೆಟ್ಟಗೇ ಬಂತು, ಇಷ್ಟು ವರ್ಷ ಗೆರೆ ಎಳೆದ ಕೈ. ಮುನಿಯಮ್ಮ ಬಗ್ಗಿ ನೋಡಿ, "ಈಗ ಸರಿ ಐತೆ" ಎಂದಳು. ಅಳಿಯ ಗಾರೆ ಕಲಸತೊಡಗಿದ.

ಗೋಡೆ ಕೂರುವಷ್ಟು ಎತ್ತರಕ್ಕೆ ಬಂದಿತ್ತು. ಆ ಹೊತ್ತಿಗೆ ಅಳಿಯನಿಗೂ ಅತ್ತೆಗೂ ಅದೇನೋ ಮಾತಿಗೆ ಮಾತು ಬೆಳೆದು, ಅವನು ಉಳಿದ ಇಟ್ಟಿಗೆಯನ್ನು ಲಗೇಜ್ ಆಟೋಕ್ಕೆ ತುಂಬಿಸಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ. ಗೋಡೆ ಅಷ್ಟಕ್ಕೇ ನಿಂತಿತು.

ಆಮೇಲಿನ ವರ್ಷಗಳಲ್ಲಿ ಆಶಾರಾಣಿ ಆ ದಾರಿಯಲ್ಲಿ ಹೋದಾಗಲೆಲ್ಲ ಆ ಮೋಟುಗೋಡೆ ನೋಡುತ್ತಿದ್ದಳು. ಅದರ ಈ ಕಡೆ ಗುರುಸಿದ್ದಮ್ಮ, ಆ ಕಡೆ ಮುನಿಯಮ್ಮ ಕೂತು, ಬೆನ್ನಿಗೆ ಬೆನ್ನು ಮಾಡಿಕೊಂಡು ಜಗಳವಾಡುತ್ತಿದ್ದರು. ಕೋಳಿ ದಾಟಿ ಬಂದದ್ದು, ಒಣಗಿಹಾಕಿದ ಮೆಣಸಿನಕಾಯಿಯ ಘಾಟು, ನಲ್ಲಿಯ ಮುಂದೆ ಕೊಡ ಮೊದಲು ಇಟ್ಟವರು ಯಾರು ಎಂಬುದು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ನಿಂತು, ಒಬ್ಬಳು ನಿದ್ದೆ ಮಾಡಿ ಎದ್ದ ಮೇಲೆ ಮತ್ತೆ ಮುಂದುವರಿಯುತ್ತಿತ್ತು. ಆಶಾರಾಣಿ ಹತ್ತಿರ ಬಂದರೆ ಮಾತ್ರ ಇಬ್ಬರೂ ಗಪ್ಪನೆ ಬಾಯಿ ಮುಚ್ಚಿ ಎದ್ದು ನಿಲ್ಲುತ್ತಿದ್ದರು. ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ಏನು ವಿಷಯ?" ಎಂದರೆ, "ಏನಿಲ್ಲ ಮೇಡಂನೋರೇ" ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಅವಳು ಸ್ವಲ್ಪ ಹೊತ್ತು ನಿಂತು ಹೊರಡುತ್ತಿದ್ದಳು. ಜೀಪು ತಿರುಗುವಷ್ಟರಲ್ಲಿ ಹಿಂದೆ ದನಿಗಳು ಮತ್ತೆ ಏರುತ್ತಿದ್ದವು. ಕೂತು ಕೇಳಬೇಕೆಂದು ಎಷ್ಟೋ ಸಲ ಆಸೆಯಾಯಿತು. ಆದರೆ ಅವಳು ಕೂತರೆ ಕೇಳಲು ಅಲ್ಲೇನೂ ಇರುತ್ತಿರಲಿಲ್ಲ.

ಅರವತ್ತು ತುಂಬಿತು. ಶಾಲು ಹೊದಿಸಿದರು, ಪೇಟ ತೊಡಿಸಿದರು, ಫಲ ತುಂಬಿದ ಬುಟ್ಟಿ ಕೊಟ್ಟರು. ಸಾವಿರಾರು ಕುಟುಂಬಗಳಿಗೆ ಸೂರು ಕೊಟ್ಟ ತಾಯಿ ಎಂದು ಭಾಷಣವೂ ಆಯಿತು. ತಾಯಿ ಎಂಬ ಮಾತಿಗೆ ಕಸಿವಿಸಿಗೊಂಡು ಅವಳು ಬುಟ್ಟಿಯ ದಾಳಿಂಬೆಯನ್ನು ನೋಡುತ್ತ ಕೂತಳು. ಡ್ರೈವರ್ ಅದೇ ಹಳೆಯ ಲಾಡ್ಜಿಗೆ ಬಿಟ್ಟು, ನಮಸ್ಕಾರ ಮಾಡಿ ಹೋದ. ಬುಟ್ಟಿಯ ಹಣ್ಣನ್ನು ಯಾರಿಗೆ ಕೊಡುವುದು ಎಂದು ಯೋಚಿಸಿ, ಲಾಡ್ಜಿನ ಮ್ಯಾನೇಜರಿಗೆ ಕೊಟ್ಟಳು.

ಹಾಸನದಲ್ಲಿ ನೌಕರರ ಸಂಘದವರು ಕೊಟ್ಟ ಒಂದು ಸೈಟಿತ್ತು. ಅದರಲ್ಲಿ ಕಟ್ಟಿಸೋಣವೆಂದು ಹಾಳೆ ಹರಡಿ ಕೂತಳು. ಮಲಗುವ ಕೋಣೆ ಒಂದೋ ಎರಡೋ ಎಂಬಲ್ಲಿಗೆ ಬಂದು ಪೆನ್ಸಿಲು ನಿಂತಿತು. ಎರಡನೆಯದಕ್ಕೆ ಯಾರು ಬರುತ್ತಾರೆ? ಒಂದೇ ಸಾಕೆಂದರೆ ಉಳಿದ ಜಾಗಕ್ಕೆ ಏನು ಬರೆಯುವುದು? ಮನೆಯಲ್ಲಿ ಎಷ್ಟು ಜನ ಎಂದು ಕೇಳಿಕೊಂಡೇ ನಕ್ಷೆ ಶುರುಮಾಡುವುದು ಅವಳ ರೂಢಿ. ಹಲವು ದಿನ ಆ ಹಾಳೆ ಮೇಜಿನ ಮೇಲೆಯೇ ಇತ್ತು. ಕೊನೆಗೆ ಸುತ್ತಿಟ್ಟು, ಅರಸೀಕೆರೆಗೆ ರೈಲು ಹತ್ತಿದಳು.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಷಡಕ್ಷರಪ್ಪ ಎಂಬ ಕೊಬ್ಬರಿ ವ್ಯಾಪಾರಿಯ ಮಹಡಿ ಮನೆ ವರ್ಷದಿಂದ ಖಾಲಿ ಬಿದ್ದಿತ್ತು. ರೈಲಿನ ಸದ್ದಿಗೆ ಯಾರೂ ನಿಲ್ಲುತ್ತಿರಲಿಲ್ಲ. ಈ ಸಲ ಅವಳೇ ಮೊದಲು ಹೇಳಿಬಿಟ್ಟಳು, ತಾನು ಯಾರ ಮಗಳು, ಯಾವ ಕೇರಿಯವಳು ಎಂದು. ಷಡಕ್ಷರಪ್ಪ ಹಲ್ಲು ಚುಚ್ಚಿಕೊಳ್ಳುತ್ತ ಕೇಳಿ, ಒಳಗೆ ಹೋಗಿ ಹೆಂಡತಿಯ ಹತ್ತಿರ ತುಸು ಹೊತ್ತು ಮಾತಾಡಿ ಬಂದರು. "ಮಹಡಿ ಮೆಟ್ಲು ಹೊರಗಡೆಯಿಂದ್ಲೇ ಐತೆ. ನಮಗೂ ನಿಮಗೂ ತೊಂದ್ರೆ ಇಲ್ಲ" ಎಂದು ಕೀಲಿಕೈ ಕೊಟ್ಟರು. ಆ ಮಾತಿನ ಅರ್ಥ ಅವಳಿಗೆ ಆಗದೆ ಇರಲಿಲ್ಲ. ಆದರೂ ಕೀಲಿಕೈ ತಗೊಂಡಳು.

ತಿಂಗಳುಗಟ್ಟಲೆ ಕೆಳಗಿನವರಿಗೂ ಅವಳಿಗೂ ಮಾತಿರಲಿಲ್ಲ. ಅವಳು ಬೆಳಿಗ್ಗೆ ಎದ್ದು ವಾಕಿಂಗ್ ಹೋಗುವಳು, ಪೇಪರ್ ಓದುವಳು, ಒಬ್ಬಳಿಗಾಗುವಷ್ಟು ಅನ್ನ ಮಾಡುವಳು. ಎಷ್ಟೋ ದಿನ ಅಂಗಡಿಯವನ ಹತ್ತಿರ ಹಾಲು ಕೇಳಿದ್ದೇ ಆ ದಿನದ ಮಾತು.

ಬೇಸಿಗೆಯ ಒಂದು ಬೆಳಿಗ್ಗೆ ಮಹಡಿಯ ಮುಂದಿನ ತೆರೆದ ಮೊಗಸಾಲೆ ತೊಳೆದು ಒಳಗೆ ಬಂದಳು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಷಡಕ್ಷರಪ್ಪ ಬಾಗಿಲಲ್ಲಿ ನಿಂತಿದ್ದರು, ಮುಖ ಕೆಂಪಾಗಿತ್ತು.

"ಏನ್ರೀ ಮೇಡಂ ಇದು? ಅಂಗಳದಲ್ಲಿ ಕೊಬ್ಬರಿ ಹರಡಿದೀವಿ, ಮೇಲಿಂದ ನೀರು ಸುರೀತೀರಲ್ಲ! ಕಣ್ಣು ಕಾಣ್ಸಲ್ವಾ?"

ತಪ್ಪಾಯ್ತು ಎನ್ನಬೇಕೆಂದುಕೊಂಡ ಆಶಾರಾಣಿಯ ಬಾಯಿಂದ ಬೇರೆಯೇ ಬಂತು. "ನಾನು ಸುರಿದಿಲ್ಲ ರೀ, ನಿಮ್ಮ ಮೊಗಸಾಲೆ ಸುರೀತು. ಇಳಿಜಾರು ಹಿತ್ಲ ಕಡೆ ಕೊಡಬೇಕಾದ್ದು ಅಂಗಳದ ಕಡೆ ಕೊಟ್ಟಿದೀರಿ. ಯಾರು ಕಟ್ಟಿದ್ದು ಇದನ್ನ?"

"ನಮ್ಮಪ್ಪ ಕಟ್ಟಿಸಿದ್ದು ಕಣ್ರೀ! ಇಷ್ಟು ವರ್ಷ ಯಾರೂ ಹೆಸರು ಇಟ್ಟಿಲ್ಲ."

"ಯಾರೂ ತೊಳೆದಿರಲಿಲ್ಲ ಅಂತ ಕಾಣುತ್ತೆ!"

"ನಿಮ್ಮ ಆಫೀಸರಿಕೆ ಎಲ್ಲ ಬೇಲೂರಲ್ಲಿ ಇಟ್ಕಳ್ಳಿ. ಇಲ್ಲಿ ಬ್ಯಾಡ."

"ಬನ್ನಿ, ಇಲ್ಲಿ ಬಂದು ನೋಡಿ. ಗೋಲಿ ಬಿಟ್ಟು ತೋರಿಸ್ತೀನಿ, ಯಾವ ಕಡೆ ಉರುಳುತ್ತೆ ಅಂತ!"

ಅವಳ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಷಡಕ್ಷರಪ್ಪ ಒಳಗೆ ಬರಲಿಲ್ಲ, ಬಾಗಿಲಲ್ಲೇ ಇನ್ನಷ್ಟು ಕೂಗಾಡಿ ಇಳಿದುಹೋದರು. ಆಶಾರಾಣಿ ಬಾಗಿಲು ಹಾಕಿ ಕುರ್ಚಿಯಲ್ಲಿ ಕುಸಿದಳು. ಹೀಗೆ ಕೂಗಾಡಿ ಎಷ್ಟು ವರ್ಷವಾಗಿತ್ತೋ. ಸ್ವಲ್ಪ ಹೊತ್ತಿಗೆ ಜೋರು ಹಸಿವಾಯಿತು. ಎದ್ದು, ಉಪ್ಪಿಟ್ಟು ಮಾಡಿ, ಬಾಣಲೆಯಿಂದಲೇ ತಿಂದಳು.

ಮಾರನೆಯ ಬೆಳಿಗ್ಗೆ ಪೊರಕೆ ಹಿಡಿದು ಮೊಗಸಾಲೆಗೆ ಬಂದಳು. ಕೆಳಗೆ ಅಂಗಳದಲ್ಲಿ ಷಡಕ್ಷರಪ್ಪ ಪಂಚೆ ಮೇಲಕ್ಕೆ ಕಟ್ಟಿ ಕೊಬ್ಬರಿ ಹರಡುತ್ತಿದ್ದರು. ತಲೆಯೆತ್ತಿ ನೋಡಿದರು.

"ಇವತ್ತು ನೀರು ಬಿಡ್ಬೇಡಿ!"

"ಹನ್ನೊಂದರ ಮೇಲೆ ಬಿಡ್ತೀನಿ."

"ಹನ್ನೊಂದಕ್ಕೇ ಕೊಬ್ಬರಿ ಎಲ್ಲಿ ಒಣಗಿರುತ್ತೆ ಕಣ್ರೀ. ಸಂಜೆ ಬಿಡಿ."

"ಸಂಜೆ ನಲ್ಲಿ ಬರಲ್ಲ!"

"ಹಂಗಾರೆ ಬಕೀಟಲ್ಲಿ ಹಿಡಿದು ಇಟ್ಕಳ್ಳಿ!" ಎಂದು ಷಡಕ್ಷರಪ್ಪ ಕೆಳಗಿನಿಂದ ಕೂಗಿದರು. ಆಶಾರಾಣಿ ಕಟಕಟೆಗೆ ಒರಗಿ, ಇದಕ್ಕೆ ಏನು ಹೇಳುವುದೆಂದು ಯೋಚಿಸಿದಳು.